ಮಲಕಮ್ಮನ ಎರಡು ಶೀಸೆ, ಒಂದು ಹಿಡಿ ಉಪ್ಪು

ಬೆಳಗಿನ ಆರು ಗಂಟೆ. ಶಹಾಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಸಣ್ಣ ಎಲುಬಿನ ಆಸ್ಪತ್ರೆಯಲ್ಲಿ ಇನ್ನೂ ಯಾರ ಸದ್ದೂ ಇಲ್ಲ. ಹಿತ್ತಲ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಮಲಕಮ್ಮ ಒಂದು ಪುಟ್ಟ ಶೀಸೆಯನ್ನು ತಲೆಕೆಳಗಾಗಿ ಹಿಡಿದು, ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತಿದ್ದಾರೆ. ನೂರು ಮುಗಿದ ಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದೇ ಒಂದು ಹನಿ ಬಿದ್ದಿದ್ದರೂ ಆ ಶೀಸೆ ಕಸದ ಬುಟ್ಟಿಗೆ ಹೋಗುತ್ತದೆ. ಇಂದು ಇದುವರೆಗೆ ನಾಲ್ಕು ಶೀಸೆ ನೋಡಿದ್ದಾರೆ, ಎರಡು ಪಾಸಾಗಿವೆ.

"ಮುಚ್ಚಳದ ಮ್ಯಾಲ ನಂಬಿಕಿ ಇಡಬಾರದ್ರಿ," ಎನ್ನುತ್ತಾರೆ ನನ್ನ ಕಡೆ ನೋಡದೆ. "ಹೊಸಾದಿರ್ಲಿ, ಹಳೇದಿರ್ಲಿ. ನೂರು ಎಣಿಸಬೇಕು, ಆಮ್ಯಾಲ ನೋಡಬೇಕು."

ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನಾನು, ಅಡುಗೆಮನೆಯ ಹೆಣ್ಣುಮಕ್ಕಳಿಗಿರುವ ಅಚ್ಚುಕಟ್ಟು ಇದು ಎಂದುಕೊಂಡು ನನ್ನ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಆ ಸಾಲನ್ನು ಹೊಡೆದು ಹಾಕಬೇಕಾಯಿತು.

ಮಲಕಮ್ಮನಿಗೆ ಈಗ ಐವತ್ತೇಳು. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಆಯಾ'. ನೆಲ ಒರೆಸಲು, ಹಾಸಿಗೆ ಬದಲಿಸಲು, ಕತ್ತರಿ ಚಿಮಟ ಕುದಿಸಲು ಎಂದು ಇಪ್ಪತ್ತು ವರ್ಷದ ಹಿಂದೆ ಸೇರಿದವರು. ಈಗಲೂ ಅದನ್ನೆಲ್ಲ ಮಾಡುತ್ತಾರೆ. ಆದರೆ ಸೋಮವಾರ ಬಂತೆಂದರೆ ಅವರ ಕೆಲಸದ ತೂಕವೇ ಬೇರೆ. ಸೋಮವಾರ ಇಲ್ಲಿ ಸೂಜಿಯ ದಿನ. ತೊಡೆಯಲ್ಲೋ, ತೋಳಲ್ಲೋ, ಮೊಣಕಾಲಿನ ಪಕ್ಕದಲ್ಲೋ ಗಡ್ಡೆ ಎದ್ದವರು ಶಹಾಪುರ, ಸುರಪುರ, ಯಾದಗಿರಿ ಸುತ್ತಿನ ಹಳ್ಳಿಗಳಿಂದ ಬರುತ್ತಾರೆ. ಇಲ್ಲಿನ ಎಲುಬಿನ ಡಾಕ್ಟರು ಮಹಾದೇವಪ್ಪ ಆ ಜಾಗವನ್ನು ಮರಗಟ್ಟಿಸಿ, ಗಡ್ಡೆಯೊಳಗೆ ಟೊಳ್ಳು ಸೂಜಿ ಇಳಿಸಿ, ಒಂದೆರಡು ಚೂರು ಹೊರತೆಗೆಯುತ್ತಾರೆ. ಬಯಾಪ್ಸಿ ಎಂದರೆ ಇಷ್ಟೇ. ಆ ಚೂರು ಗುಲಬರ್ಗಾದ ಲ್ಯಾಬಿಗೆ ಹೋಗಿ, ಸೂಕ್ಷ್ಮದರ್ಶಕದ ಕೆಳಗೆ ಕುಳಿತ ಮೇಲೆಯೇ ಅದು ಕ್ಯಾನ್ಸರೋ, ಕ್ಷಯವೋ, ಬರೀ ಕೊಬ್ಬೋ ಎಂದು ಗೊತ್ತಾಗುವುದು. ಡಾಕ್ಟರ ಕೈಯಿಂದ ಲ್ಯಾಬಿನ ಮೇಜಿನವರೆಗೆ ಆ ಚೂರಿನ ಹೊಣೆ ಮಲಕಮ್ಮನದು.

ಚೂರು ಎಂದರೆ ಎಷ್ಟು ದೊಡ್ಡದು? ಮಾಂಸದ ಗಡ್ಡೆಯದಾದರೆ ಮುರಿದ ಶಾವಿಗೆಯ ಎಳೆಯಷ್ಟು. ಎಲುಬಿನದಾದರೆ ಬಳಪದ ತುದಿಯಷ್ಟು. ಅದಕ್ಕೆ ಎರಡು ಶೀಸೆ. ಒಂದರಲ್ಲಿ ಫಾರ್ಮಾಲಿನ್ ಎಂಬ ಕಣ್ಣು ಉರಿಸುವ ಔಷಧದ ನೀರು. ಅದರಲ್ಲಿ ಬಿದ್ದ ಚೂರು ಕೊಳೆಯುವುದಿಲ್ಲ, ಇದ್ದ ಹಾಗೆಯೇ ನಿಲ್ಲುತ್ತದೆ. ಇನ್ನೊಂದರಲ್ಲಿ ಶುದ್ಧ ಮಾಡಿದ ಉಪ್ಪುನೀರು. ಕೀವು, ಕ್ಷಯದ ರೋಗಾಣು ಇದೆಯೋ ಎಂದು ಬೆಳೆಸಿ ನೋಡಲು ಒಂದು ಚೂರು ಅದಕ್ಕೆ. ಅದಕ್ಕೆ ಔಷಧದ ನೀರು ತಾಗಿದರೆ ರೋಗಾಣು ಸತ್ತು ಪರೀಕ್ಷೆ ಕೆಡುತ್ತದೆ. ಮೊದಲ ಶೀಸೆಯ ಚೂರಿಗೆ ಔಷಧದ ನೀರು ಇಲ್ಲದಿದ್ದರೆ ಚೂರೇ ಕೆಡುತ್ತದೆ. ಎರಡೂ ನೋಡಲು ಬಣ್ಣವಿಲ್ಲದ ನೀರು. ಆಸ್ಪತ್ರೆಯ ರಿಜಿಸ್ಟರಿನ ಪ್ರಕಾರ ಮಲಕಮ್ಮ ಈವರೆಗೆ ಸಾವಿರದ ನೂರು ಜನರ ಶೀಸೆಗಳನ್ನು ಒಯ್ದಿದ್ದಾರೆ. ಹೋಗಲು ಎರಡೂವರೆ ತಾಸು, ಬರಲು ಎರಡೂವರೆ ತಾಸು. ಶೀಸೆಯ ಚೀಲವನ್ನು ಬಸ್ಸಿನ ಮೇಲಿನ ಹಲಗೆಗೆ ಇಡುವುದಿಲ್ಲ, ಸೀಟಿನ ಕೆಳಗೂ ಇಡುವುದಿಲ್ಲ, ಮಡಿಲಲ್ಲೇ.

"ಕಂಡಕ್ಟರ್‌ಗೆಲ್ಲ ಗೊತ್ತದ್ರಿ. 'ಮಲಕಮ್ಮ, ಇವತ್ತು ಎಷ್ಟು ಮಂದೀನ ಕರಕೊಂಡು ಹೊಂಟಿ?' ಅಂತಾರ. ನಾ ಒಬ್ರು, ಇಬ್ರು ಅಂತೀನಿ. ಖರೇನ ಮಂದೀನ ಅಲ್ಲೇನ್ರಿ ಅದು?"

ಅವರಿಗೆ ಇನ್ನೂ ಒಂದು ಕೆಲಸ ಇದೆ, ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಸೂಜಿ ಒಳಗಿರುವಾಗ ಮನುಷ್ಯ ಅಲುಗಾಡಬಾರದು. ಗಟ್ಟಿಯಾಗಿ ಹಿಡಿದರೆ ಇನ್ನಷ್ಟು ಅಲುಗಾಡುತ್ತಾನೆ. ಮಲಕಮ್ಮ ಹಿಮ್ಮಡಿಯ ಮೇಲೆ ಒಂದು ಕೈ ಇಟ್ಟು ಮಾತಿಗೆಳೆಯುತ್ತಾರೆ. ಕುರಿಗಾರನಾದರೆ ಹಿಂಡಿನ ಕುರಿಗಳನ್ನು ಒಂದೊಂದಾಗಿ ಗುರುತು ಹೇಳು ಎನ್ನುತ್ತಾರೆ. ಮೇಷ್ಟರಾದರೆ ಹಾಜರಿ ಕೂಗಿಸುತ್ತಾರೆ. ಒಬ್ಬ ಕಾರಕೂನರು ಕಚೇರಿಯ ಕಡತಗಳ ಹೆಸರನ್ನೇ ಹೇಳುತ್ತಾ ಹೋದರಂತೆ. "ಅವರ್ದು ಮುಗೀಲೇ ಇಲ್ರಿ. ಸೂಜಿ ಹೊರಗ ಬಂತು, ಪಟ್ಟಿ ಕಟ್ಟಿದ್ವಿ, ಇನ್ನೂ ಹೇಳಾಕತ್ತಿದ್ರು," ಎಂದು ನಗುತ್ತಾರೆ. ಆ ಇಡೀ ದಿನದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಮಲಕಮ್ಮ ಹುಟ್ಟಿದ್ದು ವನದುರ್ಗದ ಕುರಿಗಾರರ ಮನೆಯಲ್ಲಿ. ಕೋಟೆಯ ಹಿಂದಿನ ಬಯಲೆಲ್ಲ ಆಗ ಕುರಿ ಮೇಯುವ ನೆಲ. ಕಾಲುವೆ ಬಂತು. ಎರೆಹೊಲಗಳಿಗೆ ನೀರು ಹರಿಯಿತು, ಜೋಳದ ಜಾಗದಲ್ಲಿ ಭತ್ತ ನಿಂತಿತು, ಜನ ಎರಡು ಬೆಳೆ ಉಣ್ಣತೊಡಗಿದರು. ಕಾಲುವೆಯನ್ನು ಯಾರೂ ಬೈಯಲಾರರು, ಮಲಕಮ್ಮನೂ ಬೈಯುವುದಿಲ್ಲ. ಆದರೆ ಕುರಿ ನಿಲ್ಲಲು ಒಣ ನೆಲ ಉಳಿಯಲಿಲ್ಲ. ಹಸಿ ಹುಲ್ಲು, ಕೆಸರು, ಗೊರಸು ಕೊಳೆಯುವ ಬೇನೆ. ತವರಿನವರು ಹಿಂಡು ಮಾರಿ ಕೂಲಿಗಿಳಿದರು. ಗಂಡನಿಗೆ ಉಪಕಾಲುವೆಯ ತೂಬು ತೆಗೆದು ಮುಚ್ಚುವ ಕೆಲಸ ಸಿಕ್ಕಿತು, ಇವರು ಶಹಾಪುರಕ್ಕೆ ಬಂದು ಆಸ್ಪತ್ರೆ ಸೇರಿದರು.

"ನಮ್ಮಪ್ಪ ಒಂದು ಮಾತು ಹೇಳ್ತಿದ್ದ," ಎಂದರು ಆ ಬೆಳಿಗ್ಗೆ, ಸೂಜಿಗಳ ಡಬ್ಬಿಯನ್ನು ಒಲೆಯ ಮೇಲಿಟ್ಟು. "ಕುರಿ ದಾರಿಯಾಗ ಸತ್ರ ತೊಗಲು ಬಿಡಿಸಿ, ಹಳ್ಳುಪ್ಪು ತಿಕ್ಕಿ, ಮಡಚಿ ಇಡ್ತಿದ್ವಿ. ಎಂಟು ದಿನ ಆದ್ರೂ ಕೆಡತಿದ್ದಿಲ್ಲ. ಉಪ್ಪು ಬಿತ್ತು ಅಂದ್ರ ಯಾವುದೂ ಕೆಡಂಗಿಲ್ಲ ಮಗಳ, ಅಂತಿದ್ದ." ಅಷ್ಟು ಹೇಳಿ ತಟ್ಟನೆ ಬಾಗಿ, ಬೆಂಕಿ ಸಣ್ಣ ಮಾಡಿದರು.

ಎಂಟು ಗಂಟೆಗೆ ಆಸ್ಪತ್ರೆಯ ಅಂಗಳ ತುಂಬಿದೆ. ಆದರೆ ಮಲಕಮ್ಮನ ಕಣ್ಣು ಗೋಡೆ ಪಕ್ಕದ ಬೆಂಚಿನ ಮೇಲೆಯೇ. ಅಲ್ಲಿ ದೇವಾಪುರದ ಶೇಖಮ್ಮ, ಇಪ್ಪತ್ತೆರಡರ ಹುಡುಗಿ, ಬಲಗಾಲನ್ನು ನೀಡಿ ಕುಳಿತಿದ್ದಾಳೆ. ಪಕ್ಕದಲ್ಲಿ ತಂದೆ ದ್ಯಾವಪ್ಪ ನಿಂತಿದ್ದಾರೆ, ಹೆಗಲ ಮೇಲೆ ಗಂಟು. ಗಂಟು ಇನ್ನೂ ಹೆಗಲ ಮೇಲಿದೆ ಎಂದರೆ ಕೂರುವ ಮನಸ್ಸಿಲ್ಲ ಎಂದೇ ಅರ್ಥ. ಶೇಖಮ್ಮ ಕಾಲುವೆ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚುವವಳು. ಬೇಸಿಗೆಯಲ್ಲಿ ಮೊಣಕಾಲಿನ ಮೇಲೆ ನೋವು ಶುರುವಾಗಿ, ಶ್ರಾವಣದ ಹೊತ್ತಿಗೆ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ಹದಿನೈದು ದಿನದ ಹಿಂದೆ ಒಮ್ಮೆ ಸೂಜಿ ಹಾಕಿ ಚೂರು ತೆಗೆದಿದ್ದರು. ಗುಲಬರ್ಗಾದಿಂದ ಬಂದ ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ಚೂರಿನಲ್ಲಿ ಬರೀ ರಕ್ತ ಇದೆ, ನಿರ್ಣಯ ಹೇಳಲಾಗದು, ಮತ್ತೆ ಕಳಿಸಿ.

ಇದು ಯಾರ ತಪ್ಪೂ ಅಲ್ಲ ಎನ್ನುತ್ತಾರೆ ಡಾ. ಮಹಾದೇವಪ್ಪ. ಕೆಲವು ಗಡ್ಡೆಗಳ ನಡುವೆ ರಕ್ತದ ಕುಳಿಗಳಿರುತ್ತವೆ, ಮೊದಲ ಸಲ ಸೂಜಿ ಅಂಥ ಜಾಗಕ್ಕೇ ಹೋಗಿದೆ. ಈ ಸಲ ಅಂಚಿನ ಗಟ್ಟಿ ಭಾಗದಿಂದ ತೆಗೆಯಬೇಕು. ಎಕ್ಸ್‌ರೇ ನೋಡಿದರೆ ಎಲುಬಿನ ಕೊನೆ ಒಳಗಿಂದ ಪೊಳ್ಳಾಗುತ್ತಾ ಬಂದಿದೆ. ಇನ್ನೆರಡು ತಿಂಗಳು ಬಿಟ್ಟರೆ ಎಲುಬೇ ಮುರಿಯಬಹುದು. ಯಾವ ಗಡ್ಡೆ ಎಂದು ತಿಳಿಯದೆ ಕತ್ತಿ ಹಿಡಿಯುವಂತಿಲ್ಲ, ಏಕೆಂದರೆ ಒಂದು ಬಗೆಯದನ್ನು ಕೆರೆದು ತೆಗೆದು ಆ ಕುಳಿ ತುಂಬಿದರೆ ಸಾಕು, ಇನ್ನೊಂದು ಬಗೆಯದಾದರೆ ಕಾಲೇ ಉಳಿಯದು.

ದ್ಯಾವಪ್ಪನವರ ಲೆಕ್ಕ ಬೇರೆ. ಗಡ್ಡೆಯನ್ನು ಚುಚ್ಚಿದರೆ ಅದು ಕೆರಳುತ್ತದೆ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಒಮ್ಮೆ ಚುಚ್ಚಿದ್ದಾಯಿತು, ಏನೂ ಸಿಗಲಿಲ್ಲ. ಈಗ ಮತ್ತೆ ಚುಚ್ಚುತ್ತಾರಂತೆ. ಪಕ್ಕದೂರಿನಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುವವರಿದ್ದಾರೆ. ಇಂದು ಅವರು ಬಂದಿರುವುದು ಎಕ್ಸ್‌ರೇ ಹಾಳೆ ವಾಪಸ್ ಇಸಿದುಕೊಳ್ಳಲು.

ಇಂಥ ಹೊತ್ತಿಗೆ ಡಾಕ್ಟರು ಕರೆಸುವುದು ಅಮೋಘಸಿದ್ದರನ್ನು. ನಲವತ್ತೆರಡರ ಈ ಮನುಷ್ಯ ಆಸ್ಪತ್ರೆಯ ಗೇಟಿನ ಬೇವಿನ ನೆರಳಲ್ಲಿ ಕುಳಿತು ಕುರಿ ಉಣ್ಣೆ ನೂಲುತ್ತಾರೆ, ಕಂಬಳಿಯ ಅಂಚು ಹೊಲಿಯುತ್ತಾರೆ. ಎಡಗಾಲು ತೊಡೆಯಿಂದ ಕೆಳಗೆ ಇಲ್ಲ. ಹದಿನೆಂಟು ವರ್ಷದಿಂದ, ಸೂಜಿಗೆ ಅಂಜಿ ಹೊರಟವರನ್ನು ನಿಲ್ಲಿಸಿ ತಮ್ಮ ಕಥೆ ಹೇಳುವುದು ಅವರ ರೂಢಿ. ಅಂದೂ ಊರುಗೋಲು ಗೋಡೆಗೆ ಆನಿಸಿ, ದ್ಯಾವಪ್ಪನವರ ಎದುರು ಕುಳಿತರು.

"ನನ್ನ ನೋಡ್ರಿ ಕಾಕಾ," ಎಂದರು. "ನಾನೂ ಹಿಂಗ ಬಂದಾಂವ. ಮೊದಲ ಸೂಜಿಗೆ ಏನೂ ತಿಳೀಲಿಲ್ಲ ಅಂದ್ರು. ಎರಡನೇದಕ್ಕ ಬಾ ಅಂದ್ರು. ನಾ ಅಂಜಿ ಓಡಿ ಹೋದೆ, ಬರಿ ಹಾಕಿಸಿಕೊಂಡೆ. ಬರಿ ಹಾಕಿದ ಜಾಗ ಹುಣ್ಣಾತು, ಹುಣ್ಣು ಕೊಳೀತು. ನಾಕು ತಿಂಗಳಿಗೆ ವಾಪಸ್ ಬಂದೆ, ಕಾಲು ಕೊಟ್ಟೆ. ಯಾರ್ದೂ ತಪ್ಪಲ್ಲ, ನಂದ ತಪ್ಪು. ನೀವು ಅದನ್ನ ಮಾಡಬ್ಯಾಡ್ರಿ."

ಈ ಮಾತಿಗೆ ಬಹಳ ಜನ ಗಂಟು ಕೆಳಗಿಡುತ್ತಾರಂತೆ. ದ್ಯಾವಪ್ಪ ಇಡಲಿಲ್ಲ. ಅವರು ಅಮೋಘಸಿದ್ದರ ಇಲ್ಲದ ಕಾಲನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಅದೆಲ್ಲ ಖರೆ ತಮ್ಮಾ. ಆದ್ರ ಮೊದಲ ಸಲ ನಿನ್ನ ಕಾಲಾಗಿಂದ ತೆಗದಿದ್ದು ಎಲ್ಲಿ ಹೋತು? ನನ್ನ ಮಗಳದೂ ಒಮ್ಮಿ ತೆಗದಾರ, ಏನೂ ಇಲ್ಲ ಅಂತಾರ. ನಿಂದೂ ಏನೂ ಇಲ್ಲ ಅಂದ್ರಂತ. ಇವರು ಅದನ್ನ ಒಯ್ದು ಏನ್ ಮಾಡ್ತಾರ?"

"ಯಾರಿಗೆ ಗೊತ್ತು ಕಾಕಾ. ಲ್ಯಾಬಿನಾಗ ಕೆಟ್ಟಿತಂತ," ಎಂದರು ಅಮೋಘಸಿದ್ದ.

ನಾನು ಬಾಗಿಲ ಬಳಿ ನಿಂತಿದ್ದೆ. ಮಲಕಮ್ಮ ಒಳಗಿನಿಂದ ಪಾತ್ರೆ ಹಿಡಿದು ಬರುತ್ತಿದ್ದವರು ಅಲ್ಲೇ ನಿಂತರು. ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಸೆರಗಿಗೆ ಎರಡೂ ಕೈ ಒರೆಸಿಕೊಂಡು ಬಂದು, ಬೆಂಚಿನ ಎದುರು ನೆಲದ ಮೇಲೆಯೇ ಕುಳಿತರು.

"ಲ್ಯಾಬಿನಾಗ ಕೆಡಲಿಲ್ಲ," ಎಂದರು. "ನನ್ನ ಕೈಯಾಗ ಕೆಟ್ಟಿತು."

ಅವರು ಹೇಳಿದ್ದನ್ನು ಅವರದೇ ಕ್ರಮದಲ್ಲಿ ಬರೆಯುತ್ತೇನೆ. ಸಾವಿರದ ಒಂಬೈನೂರ ತೊಂಬತ್ತಾರು, ದಸರೆ ಕಳೆದ ಮೇಲಿನ ಕಡು ಬಿಸಿಲು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆಗ ಸೂಜಿಯ ದಿನ ಶನಿವಾರ. ಅಂದು ಅಮೋಘಸಿದ್ದರ ಶೀಸೆ ಹಿಡಿದು ಗುಲಬರ್ಗಾದ ಬಸ್ಸು ಹತ್ತಿದರು. ದಾರಿಯಲ್ಲಿ ಉಪಕಾಲುವೆ ಒಡೆದು ರಸ್ತೆಯ ಮೇಲೆ ಮೊಣಕಾಲುದ್ದ ನೀರು. ಬಸ್ಸು ಮುಂದೆ ಹೋಗಲಿಲ್ಲ. ಹತ್ತಿರದ ಊರಿನಲ್ಲಿ ಸೋದರತ್ತೆಯ ಮನೆ, ಅಲ್ಲೇ ಉಳಿದರು. ಭಾನುವಾರ ಬೆಳಿಗ್ಗೆ ಚೀಲ ಬಿಚ್ಚಿದರೆ ಮೂಗು ಸುಡುವ ವಾಸನೆ. ಒಂದು ಶೀಸೆಯ ಮುಚ್ಚಳ ಸೀಳಿ, ಔಷಧದ ನೀರೆಲ್ಲ ಚೀಲಕ್ಕೆ ಇಂಗಿದೆ. ಚೂರು ತಳದಲ್ಲಿ ಒಣಗಿ ಅಂಟಿಕೊಂಡಿದೆ. ಇನ್ನೊಂದು ಶೀಸೆ ಸರಿಯಾಗಿದೆ, ಅದರಲ್ಲಿರುವುದು ಉಪ್ಪುನೀರು.

"ನಾ ಓದಿದಾಕಿ ಅಲ್ಲ. ನನ್ನ ಬುದ್ಧಿಗೆ ಎರಡ ಮಾತು ಬಂದ್ವು. ಡಾಕ್ಟರ್ ಸಾಹೇಬ್ರೂ ಒಂದು ಶೀಸೇದಾಗ ಉಪ್ಪುನೀರ ಹಾಕ್ತಾರ. ನಮ್ಮಪ್ಪನೂ ತೊಗಲಿಗೆ ಉಪ್ಪ ಹಾಕ್ತಿದ್ದ. ಅಂದಮ್ಯಾಲ ಉಪ್ಪು ತಪ್ಪಲ್ಲ ಅಂದ್ಕೊಂಡೆ. ಅತ್ತಿ ಅಡಗಿಮನಿಯಾಗಿಂದ ಒಂದು ಹಿಡಿ ಹಳ್ಳುಪ್ಪು ತಂದು ಶೀಸೆ ತುಂಬಿದೆ. ಒಳ್ಳೇದು ಮಾಡಾಕತ್ತೀನಿ ಅಂತ ಮಾಡಿದೆ."

ಸೋಮವಾರ ಶೀಸೆ ಲ್ಯಾಬು ಮುಟ್ಟಿತು. ಒಳಗಿನ ಬಿಳಿಯದು ಏನು ಎಂದು ಅಲ್ಲಿಯವರು ಕೇಳಿದಾಗ "ಗೊತ್ತಿಲ್ರಿ" ಎಂದರು. ಇನ್ನೊಂದು ಶೀಸೆಯಲ್ಲಿ ಕ್ಷಯವೂ ಇಲ್ಲ, ಕೀವೂ ಇಲ್ಲ ಎಂದಷ್ಟೇ ತಿಳಿಯಿತು. ಗಡ್ಡೆ ಯಾವುದೆಂದು ಹೇಳಬೇಕಾದ ಚೂರು ಉಪ್ಪಿನಲ್ಲಿ ಸುಟ್ಟು, ಬಿಸಿಲಿನಲ್ಲಿ ಕೊಳೆತು, ನೋಡುವಂತಿರಲಿಲ್ಲ. ಅಮೋಘಸಿದ್ದರ ಕಾಲು ತೆಗೆದ ದಿನ ಮಲಕಮ್ಮ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದರು. ಅಮೋಘಸಿದ್ದರ ಮುಂದೆ ಹೇಳಲಿಲ್ಲ.

"ಹದಿನೆಂಟು ವರ್ಷ ಇಂವ ಎಲ್ಲಾರ ಮುಂದೂ ನಂದ ತಪ್ಪು, ನಂದ ತಪ್ಪು ಅಂತಾನ. ನಾ ಒಳಗ ಭಾಂಡಿ ತೊಳಕೋತ ಕೇಳ್ತೀನಿ. ಕೇಳಿ ಕೇಳಿ..." ಸೆರಗು ಬಾಯಿಗೆ ಹಿಡಿದರು.

ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಅಮೋಘಸಿದ್ದ ಮಲಕಮ್ಮನ ಮುಖ ನೋಡಿದರು, ಆಮೇಲೆ ತಮ್ಮ ಮಡಚಿದ ಧೋತರದ ತುದಿ ನೋಡಿಕೊಂಡರು. ಗೋಡೆಗೆ ಆನಿಸಿದ್ದ ಊರುಗೋಲು ತೆಗೆದುಕೊಂಡು ಎದ್ದರು. ಗೇಟಿನವರೆಗೆ ಹೋದರು, ಬೇವಿನ ಕೆಳಗಿದ್ದ ಉಣ್ಣೆಯ ಬುಟ್ಟಿ ಎತ್ತಿಕೊಂಡರು, ಓಣಿಗೆ ಇಳಿದರು. ಹಿಂದೆ ತಿರುಗಲಿಲ್ಲ.

ಎಲ್ಲ ಕೆಟ್ಟಿತು ಎಂದುಕೊಂಡೆ. ಇನ್ನು ಈ ಹುಡುಗಿ ಬರೆ ಹಾಕುವವನ ಹತ್ತಿರವೇ ಹೋಗುತ್ತಾಳೆ. ಆದರೆ ಅದುವರೆಗೆ ಒಂದು ಮಾತೂ ಆಡದ ಶೇಖಮ್ಮ ಬಾಯಿ ತೆರೆದಳು.

"ಆಯಿ, ಈಗ ಶೀಸೆ ಒಡೆದ್ರ ಏನ್ ಮಾಡ್ತಿ?"

ಮಲಕಮ್ಮ ಕಣ್ಣೊರೆಸಿಕೊಂಡರು. "ನೂರು ಎಣಿಸಿ ಮುಚ್ಚಳ ನೋಡ್ತೀನಿ. ಮ್ಯಾಲ ಪಟ್ಟಿ ಸುತ್ತಿ ಮೇಣ ಹಚ್ತೀನಿ. ಔಷಧದ ನೀರಿಂದು ಇನ್ನೊಂದು ತುಂಬಿದ ಶೀಸೆ ಜೋಡಿಗೆ ಒಯ್ತೀನಿ. ಅದೂ ಚೆಲ್ಲಿದ್ರ ಹೊಳ್ಳಿ ಬಂದು, ನಿನ್ನ ಮನಿಗೆ ಬಂದು, ನಾನ ಕೆಡಿಸೀನಿ ಅಂತ ಹೇಳ್ತೀನಿ. ಸುಳ್ಳು ಹೇಳಂಗಿಲ್ಲ ಯವ್ವಾ."

"ನೀನ ಒಯ್ತಿಯೇನು? ಬ್ಯಾರೇದವರಲ್ಲ?"

"ನಾನ."

ಶೇಖಮ್ಮ ತಂದೆಯ ಕಡೆ ತಿರುಗಿದಳು. "ಅಪ್ಪಾ, ಗಂಟು ಕೆಳಗಿಡು."

ದ್ಯಾವಪ್ಪ ಮಲಕಮ್ಮನ ಕಡೆ ನೋಡಿದರು. "ಮಾಡಿದ್ದು ಮಾಡೀನಿ ಅನ್ನಾಕ ಎದಿ ಬೇಕು," ಎಂದು ತಮಗೆ ತಾವೇ ಹೇಳಿಕೊಂಡವರಂತೆ ಅಂದು, ಗಂಟನ್ನು ಬೆಂಚಿನ ಮೇಲೆ ಇಳಿಸಿದರು.

ಹತ್ತು ಗಂಟೆಗೆ ಸೂಜಿ. ಡಾ. ಮಹಾದೇವಪ್ಪ ಎಕ್ಸ್‌ರೇ ಎದುರಿಟ್ಟುಕೊಂಡು ಶೇಖಮ್ಮನ ತೊಡೆಯ ಮೇಲೆ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ಮುಂದೆ ಆಪರೇಷನ್ ಆದರೆ ಕತ್ತಿ ಹೋಗುವ ಗೆರೆ ಅದು. ಸೂಜಿಯೂ ಅದೇ ಗೆರೆಯ ಮೇಲೆ ಇಳಿಯಬೇಕು. ಎಲ್ಲೆಂದರಲ್ಲಿ ಚುಚ್ಚಿದರೆ, ಕೆಟ್ಟ ಗಡ್ಡೆಯಾಗಿದ್ದಲ್ಲಿ ಸೂಜಿ ಹೋದ ದಾರಿಯಲ್ಲೂ ಅದರ ಬೀಜ ಉಳಿದೀತು, ಆ ದಾರಿಯನ್ನೂ ಮುಂದೆ ಕಡಿದು ತೆಗೆಯಬೇಕಾದೀತು. ಗಡ್ಡೆ ಕೆರಳುವ ಅಂಜಿಕೆಯಲ್ಲಿ ಅಷ್ಟು ಮಾತ್ರ ನಿಜ ಇದೆ, ಅದಕ್ಕಾಗಿಯೇ ಈ ಗೆರೆ ಎಂದು ಡಾಕ್ಟರು ದ್ಯಾವಪ್ಪನವರಿಗೆ ಬಿಡಿಸಿ ಹೇಳಿದರು. ಆ ಮಾತನ್ನು ಅವರು ಹದಿನೈದು ದಿನದ ಹಿಂದೆಯೇ ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು.

ಮಲಕಮ್ಮನ ಕೈ ಶೇಖಮ್ಮನ ಹಿಮ್ಮಡಿಯ ಮೇಲಿದೆ.

"ನಾಟಿ ಹಚ್ಚೂಮುಂದ ನಿಮ್ಮ ಸಾಲಿನಾಗ ಎಷ್ಟು ಮಂದಿ?"

"ಒಂಬತ್ತು."

"ಬದುವಿನ ಕಡಿಂದ ಹೆಸರು ಹೇಳಕೋತ ಬಾ."

"ಮಾನಮ್ಮ... ಲಾಲಮ್ಮ... ಚಾಂದಬೀ... ಅಮೃತಮ್ಮ..." ಎಲುಬಿನ ಪದರು ದಾಟುವಾಗ ಸೂಜಿ ಕರಕ್ ಎಂದಿತು. ಶೇಖಮ್ಮನ ದನಿ ಒಡೆಯಿತು, ಕಾಲು ಅಲುಗಲಿಲ್ಲ. "ಐದನೇದಾಕಿ ನಾ," ಎಂದಳು. "ಈ ವರ್ಷ ನನ್ನ ಜಾಗದಾಗ ಯಾರೂ ನಿಂತಿಲ್ಲ. ಖಾಲಿ ಬಿಟ್ಟಾರ."

ಒಂದೇ ತೂತಿನಿಂದ, ಸೂಜಿಯ ಮೊನೆ ಸ್ವಲ್ಪ ಸ್ವಲ್ಪ ತಿರುಗಿಸಿ, ಐದು ಚೂರು. ನಾಲ್ಕು ಔಷಧದ ನೀರಿಗೆ, ಒಂದು ಉಪ್ಪುನೀರಿಗೆ. ಮಲಕಮ್ಮ ಹೆಸರಿನ ಚೀಟಿಯನ್ನು ಮುಚ್ಚಳಕ್ಕಲ್ಲ, ಶೀಸೆಯ ಮೈಗೆ ಅಂಟಿಸುತ್ತಾರೆ. ಮುಚ್ಚಳ ಅದಲು ಬದಲಾದೀತು, ಮೈ ಬದಲಾಗದು.

ಹನ್ನೊಂದೂವರೆಯ ಬಸ್ಸಿಗೆ ನಾನೂ ಹತ್ತಿದೆ. ಎರಡೂ ಕಡೆ ಹಸಿರು ಭತ್ತ, ನಡುವೆ ಕಾಲುವೆ ತುಂಬಿ ಹರಿಯುತ್ತಿದೆ. ಒಂದು ಸೇತುವೆಯ ಹತ್ತಿರ ಮಲಕಮ್ಮ ಕಿಟಕಿಯಿಂದ ಬೆರಳು ತೋರಿಸಿ, "ಇಲ್ಲೇ ಒಡದಿತ್ರಿ," ಎಂದರು. ಈಗ ಅಲ್ಲಿ ಕಲ್ಲಿನ ಗೋಡೆ ಇದೆ, ಎರಡು ಎಮ್ಮೆ ನಿಂತಿವೆ. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಅವರು ಮಡಿಲಿನ ಚೀಲವನ್ನು ಸರಿಪಡಿಸಿಕೊಂಡರು.

"ಬರೀರಿ. ಚಲೋದಷ್ಟ ಬರದ್ರ ಅದೂ ಸುಳ್ಳ ಆಗ್ತದಲ್ರಿ," ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, ಯಾರನ್ನೂ ಕೇಳದೆ, "ಇವತ್ತು ಊಟ ಮಾಡ್ಯಾನೋ ಇಲ್ಲೋ," ಎಂದರು. ಅಮೋಘಸಿದ್ದರ ಕುರಿತ ಮಾತು ಅದು.

ಡಾ. ಮಹಾದೇವಪ್ಪನವರನ್ನು ನಾನು ಮರುದಿನ ನೇರವಾಗಿ ಕೇಳಿದೆ, ಇಷ್ಟು ವರ್ಷ ನೀವೇಕೆ ಅಮೋಘಸಿದ್ದರಿಗೆ ಹೇಳಲಿಲ್ಲ ಎಂದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಕಿ ಹೇಳಿದ ದಿನಾನ ನಾ ಹೋಗಿ ಹೇಳಬೇಕಿತ್ರಿ. ಆಕಿಗೆ ಎರಡು ಶೀಸೆ ಕೊಟ್ಟು ಕಳಿಸಿದಾಂವ ನಾ. ಯಾವ ನೀರು ಯಾಕ ಅಂತ ಒಂದಿನಾನೂ ಹೇಳಿಕೊಟ್ಟಿದ್ದಿಲ್ಲ. ಆಮ್ಯಾಲ ಆಕಿಗೆ, ಇನ್ನು ಮುಂದ ಶೀಸೆ ನೀನ ಹಿಡಿ, ನಿನ್ನಷ್ಟು ಜ್ವಾಕಿ ಮಾಡಾವ್ರು ಯಾರೂ ಸಿಗಂಗಿಲ್ಲ ಅಂದೆ. ಅದನ್ನ ದೊಡ್ಡತನ ಅಂತ ತಿಳಕೊಂಡಿದ್ದೆ. ಅಮೋಘಸಿದ್ದಗ ಹೇಳದ ಇದ್ದದ್ದು ಸಣ್ಣತನ." ಇದನ್ನು ಬರೆಯಬೇಡಿ ಎಂದು ಅವರೂ ಹೇಳಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ ಉಳಿದಿದೆ, ಸಿಟ್ಟೂ ಉಳಿದಿದೆ.

ಹನ್ನೆರಡನೆಯ ದಿನ ರಿಪೋರ್ಟ್ ಬಂದಿದೆ ಎಂದು ಫೋನ್ ಬಂತು. ನಾನು ಯಾದಗಿರಿಯಿಂದ ಹೋದೆ. ಬೇವಿನ ನೆರಳು ಖಾಲಿ. ಅಂದಿನಿಂದ ಅಮೋಘಸಿದ್ದ ಬಂದಿಲ್ಲವಂತೆ. ಮಲಕಮ್ಮ ಎರಡು ಸಲ ಅವರ ಮನೆಯವರೆಗೆ ಹೋಗಿ, ಬಾಗಿಲು ಬಡಿಯದೆ ಹಿಂದಿರುಗಿದ್ದಾರೆ. ಶೇಖಮ್ಮ, ದ್ಯಾವಪ್ಪ ಡಾಕ್ಟರ ಎದುರು ಕುಳಿತಿದ್ದರು. ಡಾಕ್ಟರು ಲಕೋಟೆ ಒಡೆಯುವಾಗ ಹಿಂದೆ ಊರುಗೋಲಿನ ಸಪ್ಪಳವಾಯಿತು. ಅಮೋಘಸಿದ್ದ ಬಾಗಿಲಿಗೆ ಒರಗಿ ನಿಂತಿದ್ದರು. ಹೆಗಲಿಗೆ ಒಂದು ಬಟ್ಟೆಯ ಗಂಟು.

"ಜೈಂಟ್ ಸೆಲ್ ಟ್ಯೂಮರ್," ಎಂದು ಓದಿದರು ಡಾಕ್ಟರು. "ಕ್ಯಾನ್ಸರ್ ಅಲ್ಲವ್ವಾ. ಆದ್ರ ಸುಮ್ನಿರೂ ಗಡ್ಡಿನೂ ಅಲ್ಲ, ಎಲುಬು ತಿಂತದ. ಈಗ ಕೆರದು ತೆಗದು, ಆ ಜಾಗ ತುಂಬಿದ್ರ ಕಾಲು ಉಳೀತದ. ಮತ್ತ ಬರಬಹುದು, ಅದಕ್ಕ ಕೆಲವು ವರ್ಷ ತಪ್ಪದ ತೋರಿಸಿಕೋತ ಇರಬೇಕು."

ದ್ಯಾವಪ್ಪ ಎರಡೂ ಕೈ ಮುಗಿದರು. ಯಾರಿಗೆ ಎಂದು ಹೇಳಲಾರೆ.

"ಸಾಹೇಬ್ರ," ಎಂದರು ಬಾಗಿಲ ಬಳಿಯಿಂದ ಅಮೋಘಸಿದ್ದ. "ಕಾಲು ತೆಗದ ಮ್ಯಾಲ ನನಗ ಬಂದ ಕಾಗದದಾಗೂ ಇದ ಹೆಸರಿತ್ತಲ್ರಿ?"

ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಹೌದು ಅಮೋಘಸಿದ್ದ. ಇದ ಹೆಸರು," ಎಂದರು.

"ಅಂದ್ರ ಅವತ್ತ ತಿಳದಿದ್ರ..."

"ಉಳೀತಿತ್ತು. ಬಹಳ ಮಟ್ಟಿಗೆ ಉಳೀತಿತ್ತು. ನಾ ಇದನ್ನ ನಿನಗ ಆವಾಗ ಹೇಳಬೇಕಿತ್ತು."

ಅಮೋಘಸಿದ್ದ ತಲೆಯಾಡಿಸಿ ಹೊರಗೆ ನಡೆದರು. ಬೆಂಚಿನ ಮೇಲೆ ಕುಳಿತು ಎಷ್ಟು ಹೊತ್ತು ಬಿಸಿಲು ನೋಡಿದರೋ ಗೊತ್ತಿಲ್ಲ. ನಾನು ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಆಮೇಲೆ ಎದ್ದು, ಹಿತ್ತಲ ಕೋಣೆಯ ಕಡೆ ಹೊರಟರು. ಅಲ್ಲಿ ಮಲಕಮ್ಮ ಮುಂದಿನ ಸೋಮವಾರದ ಶೀಸೆ ತೊಳೆಯುತ್ತಿದ್ದರು. ಇವರನ್ನು ಕಂಡು ಎದ್ದು ನಿಂತರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಮೋಘಸಿದ್ದ ಗಂಟು ಬಿಚ್ಚಿದರು. ಒಳಗಿದ್ದದ್ದು ಉಣ್ಣೆಯ ಒಂದು ಪುಟ್ಟ ಚೀಲ. ದಪ್ಪ ಕಂಬಳಿಯದು, ಒಳಗೆ ಎರಡು ಗೂಡು, ಒಂದು ಕರಿ ಉಣ್ಣೆ, ಒಂದು ಬಿಳಿ ಉಣ್ಣೆ. ಒಂದೊಂದು ಗೂಡು ಶೀಸೆಯ ಮೈಗೆ ಸರಿಯಾಗಿ ಅಳತೆ ಮಾಡಿದ್ದು, ಬಾಯಿಗೆ ಬಿಗಿಯಾದ ದಾರ.

"ಕರೇದ್ರಾಗ ಔಷಧದ ನೀರಿಂದು, ಬಿಳೇದ್ರಾಗ ಉಪ್ಪುನೀರಿಂದು," ಎಂದರು. "ಓದಾಕ ಬರದಾವ್ರಿಗೂ ತಿಳೀತದ. ಎಷ್ಟು ಕುಲುಕಿದ್ರೂ ಶೀಸೆ ಒಂದಕ್ಕೊಂದು ತಾಗಂಗಿಲ್ಲ."

"ತಮ್ಮಾ..." ಎಂದರು ಮಲಕಮ್ಮ.

"ಸಿಟ್ಟು ಹೋಗಿಲ್ಲ ಯಕ್ಕಾ. ಹೋದಾಗ ಹೇಳ್ತೀನಿ. ಉಪ್ಪು ಹಾಕಿದಾಕಿ ನೀ, ಓಡಿ ಹೋದಾಂವ ನಾ. ಕಾಲು ಒಂದ ಇತ್ತು, ಕೆಡಿಸಿದಾವ್ರು ಇಬ್ಬರು. ಹದಿನೆಂಟು ವರ್ಷ ನಾನೊಬ್ಬನ ಹೊತ್ತೆ ಅಂದ್ಕೊಂಡಿದ್ದೆ." ಚೀಲವನ್ನು ಮುಂದೆ ಚಾಚಿ, "ನೀನೂ ಹೊತ್ತಿದ್ದಿ ಅಂತ ಗೊತ್ತಿದ್ದಿಲ್ಲ," ಎಂದರು.

ಮಲಕಮ್ಮ ಅಳಲಿಲ್ಲ. ಕೈ ಒರೆಸಿಕೊಂಡು ಎರಡು ಶೀಸೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಚೀಲದ ಎರಡು ಗೂಡಿಗೆ ಇಳಿಸಿ, ದಾರ ಎಳೆದರು. ಹಳೆಯ ಪತ್ರಿಕೆಯ ಹಾಳೆ ಹಾಸಿದರು. ಚೀಲವನ್ನು ತಲೆಕೆಳಗಾಗಿ ಹಿಡಿದು ಎಣಿಸತೊಡಗಿದರು, ಈ ಸಲ ದನಿ ತೆಗೆದು. ಅಮೋಘಸಿದ್ದ ಊರುಗೋಲಿನ ಮೇಲೆ ಭಾರ ಹಾಕಿ, ನೂರು ಮುಗಿಯುವವರೆಗೆ ನಿಂತೇ ಇದ್ದರು. ಹಾಳೆ ಒಣಗಿಯೇ ಇತ್ತು.

ಮುಂದಿನ ವರ್ಷ ಮಲಕಮ್ಮನ ನಿವೃತ್ತಿ. ಏನು ಬೇಕು ನಿಮಗೆ ಎಂದು ಕೇಳಿದೆ, ಇಂಥ ಬರಹಗಳ ಕೊನೆಗೆ ನಾವು ಕೇಳುವ ಹಾಗೆ. ಅವರು ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಅದು ನೆಟ್ಟಗಿದೆಯೇ ಎಂದು ನೋಡಿದರು.

"ನಾ ಹೋದ ಮ್ಯಾಲೂ ಇದು ಇದ ಗೂಟಕ್ಕ ಇರ್ಲಿರಿ. ನನ್ನ ಜಾಗಕ್ಕ ಹೊಸಾಕಿ ಬಂದ್ರ, ಮೊದಲ ದಿನಾನ ಗೇಟಿನ ಹತ್ರ ಇವನ ಬಾಜೂಕ ಕುಂದ್ರಸ್ತೀನಿ, ಕಥಿ ಕೇಳು ಅಂತೀನಿ. ಇಷ್ಟು ದಿನ ಅರ್ಧ ಹೇಳ್ತಿದ್ದ. ಇನ್ನು ಮ್ಯಾಲ ಪೂರಾ ಹೇಳ್ತಾನ."